ಮಗ ರೂಪದರ್ಶಿಯಾಗುತ್ತೇನೆಂದರೆ: ಪೋಷಕರು ತಿಳಿದಿರಬೇಕಾದ ಸಂಗತಿಗಳು

ಹತ್ತನೆಯ ತರಗತಿಯ ಮಕ್ಕಳಿಗಾಗಿ ಏರ್ಪಡಿಸಿದ್ದ ವೃತ್ತಿ ಮಾರ್ಗದರ್ಶನ ಸಭೆಯೊಂದಕ್ಕೆ ನಾವು ಅಕ್ಕಲಕೋಟೆ ಭಾಗದ ಕನ್ನಡ ಮಾಧ್ಯಮ ಶಾಲೆಯೊಂದಕ್ಕೆ ಹೋಗಿದ್ದೆವು. ಮುಖ್ಯೋಪಾಧ್ಯಾಯರು ಒಬ್ಬೊಬ್ಬರನ್ನೇ ಎಬ್ಬಿಸಿ, ಮುಂದೆ ಏನಾಗಬೇಕೆಂದಿದ್ದೀರಿ ಎಂದು ಕೇಳುತ್ತಿದ್ದರು. ಶಿಕ್ಷಕ, ಪೊಲೀಸ್, ಸೈನಿಕ, ದಾದಿ ಎಂಬ ಪರಿಚಿತ ಉತ್ತರಗಳು ಬಂದವು. ಹಿಂದಿನ ಸಾಲಿನ ಎತ್ತರದ ಹುಡುಗನೊಬ್ಬ ಎದ್ದು ನಿಂತು, ‘ಮಾಡೆಲ್ ಆಗಬೇಕು’ ಎಂದ. ಕೋಣೆಯೆಲ್ಲ ನಕ್ಕಿತು. ಹುಡುಗ ತಲೆ ತಗ್ಗಿಸಿ ಕುಳಿತ.

ಸಭೆ ಮುಗಿದ ಮೇಲೆ ಆ ಹುಡುಗನ ತಂದೆ ನಮ್ಮನ್ನು ಹುಡುಕಿಕೊಂಡು ಬಂದರು. ಸೊಲ್ಲಾಪುರದ ಸಮವಸ್ತ್ರ ತಯಾರಿಕೆಯ ಘಟಕವೊಂದರಲ್ಲಿ ಅವರು ಹೊಲಿಗೆ ಕೆಲಸ ಮಾಡುತ್ತಾರೆ. ‘ನಾ ಅಂಗಿ ಹೊಲಿತೀನ್ರಿ ಸರ, ಮಗ ಅಂಗಿ ತೊಟ್ಟು ನಿಂದ್ರತೀನಿ ಅಂತಾನ. ಇದೂ ಒಂದು ಉದ್ಯೋಗ ಏನ್ರಿ? ಇದರಾಗ ಹೊಟ್ಟಿ ತುಂಬತದೇನ್ರಿ?’ ಎಂದು ಕೇಳಿ, ಕಿಸೆಯಿಂದ ಒಂದು ಕಾಗದವನ್ನು ತೆಗೆದರು. ಮಹಾನಗರದ ಸಂಸ್ಥೆಯೊಂದು ಮೊಬೈಲಿಗೆ ಕಳುಹಿಸಿದ ಸಂದೇಶದ ಮುದ್ರಿತ ಪ್ರತಿ ಅದು. ಮಗನು ‘ಆಯ್ಕೆ’ಯಾಗಿದ್ದಾನೆ, ನೋಂದಣಿಗೂ ಛಾಯಾಚಿತ್ರ ಸಂಪುಟಕ್ಕೂ ಸೇರಿ 35,000 ರೂಪಾಯಿಯನ್ನು ವಾರದೊಳಗೆ ಕಟ್ಟಬೇಕು ಎಂದು ಅದರಲ್ಲಿತ್ತು. ಅರ್ಧ ಹಣವನ್ನು ಅವರು ಆಗಲೇ ಸಾಲವಾಗಿ ಹೊಂದಿಸಿಕೊಂಡಿದ್ದರು.

ಆ ತಂದೆಗೆ ಅಂದು ನಾವು ಹೇಳಿದ್ದನ್ನೂ, ಅಂದು ಹೇಳಲು ಸಮಯ ಸಾಲದೇ ಹೋದದ್ದನ್ನೂ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇವೆ. ಮಗನ ಆಸೆಯನ್ನು ನಕ್ಕು ತಳ್ಳಿಹಾಕುವುದು ಸುಲಭ, ಸಾಲ ಮಾಡಿ ಬೆನ್ನುತಟ್ಟುವುದೂ ಸುಲಭ. ಎರಡಕ್ಕೂ ಮೊದಲು ಆ ವೃತ್ತಿ ಏನೆಂದು ತಿಳಿಯುವುದು ಅಗತ್ಯ.

ರೂಪದರ್ಶಿಯ ಕೆಲಸವೆಂದರೆ ಏನು?

ರೂಪದರ್ಶಿ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಬೆಳಕು ಚೆಲ್ಲಿದ ವೇದಿಕೆಯ ಮೇಲೆ ಗಂಭೀರವಾಗಿ ನಡೆದು ಬರುವ ಯುವಕ. ಇದು ಆ ವೃತ್ತಿಯ ಒಂದು ಸಣ್ಣ ಭಾಗ ಮಾತ್ರ. ಭಾರತದಲ್ಲಿ ಉಡುಪು ವಿನ್ಯಾಸಕಾರರ ಸಂಘಟನೆಯಾದ ಫ್ಯಾಷನ್ ಡಿಸೈನ್ ಕೌನ್ಸಿಲ್ ಆಫ್ ಇಂಡಿಯಾ ಸ್ಥಾಪನೆಯಾದದ್ದು 1998ರಲ್ಲಿ. ದೇಶದ ಮೊದಲ ಫ್ಯಾಷನ್ ಸಪ್ತಾಹ ದೆಹಲಿಯಲ್ಲಿ ನಡೆದದ್ದು 2000ದಲ್ಲಿ. ಅಂದಿನಿಂದ ಇಂತಹ ಪ್ರದರ್ಶನಗಳು ಪ್ರತಿವರ್ಷ ನಡೆಯುತ್ತಿವೆಯಾದರೂ, ಅವು ವರ್ಷದ ಕೆಲವೇ ದಿನಗಳ ಕೆಲಸ. ಅದರಲ್ಲಿಯೂ ಹೆಚ್ಚಿನ ಪಾಲು ಮಹಿಳೆಯರ ಉಡುಪಿನದು. ವೇದಿಕೆಯ ನಡಿಗೆಯೊಂದನ್ನೇ ನಂಬಿ ಬದುಕುವ ಪುರುಷ ರೂಪದರ್ಶಿಗಳು ಬಹಳ ಕಡಿಮೆ.

ಹೆಚ್ಚಿನವರ ನಿತ್ಯದ ಅನ್ನ ಬೇರೆಡೆಯಿಂದ ಬರುತ್ತದೆ. ಒಂದು, ಜಾಹೀರಾತು: ಬಟ್ಟೆ, ಬ್ಯಾಂಕು, ಸಿಮೆಂಟು, ಚಹಾ, ಮೊಬೈಲು ಹೀಗೆ ಯಾವ ವಸ್ತುವಿಗಾದರೂ ಮುಖವಾಗಿ ನಿಲ್ಲುವುದು. ಎರಡು, ಜಾಲತಾಣದ ಅಂಗಡಿಗಳಿಗಾಗಿ ನಡೆಯುವ ಛಾಯಾಗ್ರಹಣ. ಮೂರು, ‘ಫಿಟ್ ಮಾಡೆಲ್’ ಕೆಲಸ: ಉಡುಪು ತಯಾರಿಕಾ ಕಂಪನಿಯಲ್ಲಿ ಹೊಸ ಮಾದರಿಯ ಅಂಗಿಯನ್ನು ತೊಟ್ಟು ನಿಲ್ಲುವುದು, ಭುಜ ಎಲ್ಲಿ ಬಿಗಿಯಾಯಿತು, ತೋಳು ಎಷ್ಟು ಉದ್ದವಾಯಿತು ಎಂಬುದನ್ನು ವಿನ್ಯಾಸಕಾರರಿಗೆ ತಿಳಿಸುವುದು. ಈ ಕೆಲಸದಲ್ಲಿ ಮುಖಕ್ಕೆ ಬೆಲೆಯಿಲ್ಲ, ಅಳತೆಗೆ ಬೆಲೆ. ನಾಲ್ಕು, ಸಗಟು ಖರೀದಿದಾರರ ಮುಂದೆ ಬಟ್ಟೆಗಳನ್ನು ತೊಟ್ಟು ತೋರಿಸುವ ಷೋರೂಮ್ ಕೆಲಸ.

ಇವುಗಳಲ್ಲಿ ಜಾಲತಾಣದ ಅಂಗಡಿಗಳ ಕೆಲಸವು ನಮ್ಮ ಗಡಿಭಾಗಕ್ಕೆ ಹತ್ತಿರದ್ದು. 2007ರಲ್ಲಿ ಆರಂಭವಾದ ಮಿಂತ್ರಾದಂತಹ ಕಂಪನಿಯ ನೆಲೆ ಬೆಂಗಳೂರು. ಹೀಗಾಗಿ ಉಡುಪುಗಳ ಛಾಯಾಗ್ರಹಣ ನಡೆಸುವ ಸ್ಟುಡಿಯೊಗಳು ಆ ನಗರದಲ್ಲಿ ಬೆಳೆದಿವೆ. ಹೊಸೂರಿನ ಹುಡುಗನಿಗೆ ಅದು ಬಸ್ಸಿನ ದಾರಿ. ಇನ್ನೊಂದು ಕಡೆಯಿಂದ ನೋಡಿದರೆ, ಆದವಾನಿಯ ಮಾರುಕಟ್ಟೆಗೆ ಬರುವ ಹತ್ತಿ, ಬಳ್ಳಾರಿ ಮತ್ತು ರಾಯದುರ್ಗಗಳಲ್ಲಿ ಹೊಲಿಯುವ ಜೀನ್ಸ್, ಸೊಲ್ಲಾಪುರದಲ್ಲಿ ಹೊಲಿಯುವ ಸಮವಸ್ತ್ರ ಎಲ್ಲವೂ ಈ ಉದ್ಯಮದ ಕೊಂಡಿಗಳೇ. ರೂಪದರ್ಶಿಯು ಆ ಸರಪಳಿಯ ಕೊನೆಯ ತುದಿಯಲ್ಲಿ ನಿಂತ ಒಬ್ಬ ಕೆಲಸಗಾರ. ಇಷ್ಟನ್ನು ಅರಿತರೆ ವೃತ್ತಿಯ ಬಗೆಗಿನ ಅತಿಯಾದ ಬೆರಗೂ ಅತಿಯಾದ ಅಸಡ್ಡೆಯೂ ಕಡಿಮೆಯಾಗುತ್ತವೆ.

ಒಂದು ದಿನದ ದುಡಿಮೆ

ಜಾಲತಾಣದ ಅಂಗಡಿಗಾಗಿ ನಡೆಯುವ ಚಿತ್ರೀಕರಣವನ್ನೇ ತೆಗೆದುಕೊಳ್ಳೋಣ. ಬೆಳಿಗ್ಗೆಯೇ ಸ್ಟುಡಿಯೊ ತಲುಪಬೇಕು. ಕೂದಲು, ಮುಖದ ಪ್ರಸಾಧನ ಮುಗಿದ ಮೇಲೆ ಬಟ್ಟೆಗಳ ಸಾಲು ಎದುರಾಗುತ್ತದೆ. ಒಂದೇ ದಿನದಲ್ಲಿ ಹಲವು ಹತ್ತು ಉಡುಪುಗಳನ್ನು ತೊಟ್ಟು ಕಳಚಬೇಕು. ಪ್ರತಿಯೊಂದಕ್ಕೂ ಮುಂದಿನ ನೋಟ, ಪಕ್ಕದ ನೋಟ, ಹಿಂದಿನ ನೋಟ, ಹತ್ತಿರದ ನೋಟ. ಅಂಗಿ ಸಡಿಲವಿದ್ದರೆ ಬೆನ್ನ ಹಿಂದೆ ಕ್ಲಿಪ್ಪು ಹಾಕಿ ಬಿಗಿಯುತ್ತಾರೆ. ಚಿತ್ರದಲ್ಲಿ ಅದು ಕಾಣುವುದಿಲ್ಲ. ಮಾರಾಟದ ಋತುವಿಗಿಂತ ಮೊದಲೇ ಚಿತ್ರಗಳು ಸಿದ್ಧವಾಗಬೇಕಾದ್ದರಿಂದ ಬೇಸಿಗೆಯಲ್ಲಿ ಉಣ್ಣೆಯ ಕೋಟು ತೊಡುವುದು ಸಾಮಾನ್ಯ. ಸಂಜೆಯ ಕೊನೆಯ ಅಂಗಿಯಲ್ಲಿಯೂ ಬೆಳಗಿನ ಮೊದಲ ಅಂಗಿಯಲ್ಲಿದ್ದ ಮುಖಭಾವವೇ ಇರಬೇಕು.

ವೇದಿಕೆಯ ಪ್ರದರ್ಶನವಾದರೆ ಜನರು ನೋಡುವುದು ಹದಿನೈದು ಇಪ್ಪತ್ತು ನಿಮಿಷಗಳನ್ನು ಮಾತ್ರ. ರೂಪದರ್ಶಿಗಳು ಅದಕ್ಕೆ ಹಲವು ಗಂಟೆಗಳ ಮೊದಲೇ ಬಂದಿರುತ್ತಾರೆ. ಹಿಂದಿನ ದಿನ ಉಡುಪು ಒಪ್ಪಿಸಿ ನೋಡುವ ಕೆಲಸ ನಡೆದಿರುತ್ತದೆ. ಪ್ರದರ್ಶನದ ದಿನ ನಡಿಗೆಯ ಅಭ್ಯಾಸ, ಸಾಲಿನ ಕ್ರಮ, ತಿರುವಿನ ಜಾಗ ಎಲ್ಲವನ್ನೂ ಗೊತ್ತುಮಾಡುತ್ತಾರೆ. ಈ ನಡಿಗೆಯನ್ನು ಸಂಯೋಜಿಸುವವರನ್ನು ಫ್ಯಾಷನ್ ಕೊರಿಯೋಗ್ರಾಫರ್ ಎನ್ನುತ್ತಾರೆ. ಕೊಡಗಿನ ಮೂಲದ, ಬೆಂಗಳೂರಿನಲ್ಲಿ ನೆಲೆಸಿರುವ ಪ್ರಸಾದ್ ಬಿದ್ದಪ್ಪ ಅವರು ಈ ಕ್ಷೇತ್ರದಲ್ಲಿ ದೇಶದಾದ್ಯಂತ ಹೆಸರಾದವರು. ತೆರೆಯ ಹಿಂದೆ ಒಂದೆರಡು ನಿಮಿಷಗಳಲ್ಲಿ ಪೂರ್ತಿ ಉಡುಪು ಬದಲಿಸಿ, ಏನೂ ಆಗದವನಂತೆ ಮತ್ತೆ ಹೊರಬರುವುದು ಇಲ್ಲಿನ ಕಸುಬುಗಾರಿಕೆ.

ಕೆಲಸವಿರುವ ದಿನದ ಕತೆ ಇದು. ಕೆಲಸವಿಲ್ಲದ ದಿನಗಳು ಇನ್ನೂ ಹೆಚ್ಚು. ಅಂದು ದೇಹದ ವ್ಯಾಯಾಮ, ಆಯ್ಕೆ ಪರೀಕ್ಷೆಗಳಿಗೆ ಅಲೆದಾಟ, ಸಾಲಿನಲ್ಲಿ ಕಾಯುವಿಕೆ. ಹತ್ತು ಕಡೆ ಹೋದರೆ ಒಂಬತ್ತು ಕಡೆ ‘ಬೇಡ’ ಎಂಬ ಉತ್ತರ, ಅದೂ ಕಾರಣ ಹೇಳದೆ. ಪರೀಕ್ಷೆಯಲ್ಲಿ ಅನುತ್ತೀರ್ಣನಾದ ಹುಡುಗನಿಗೆ ಯಾವ ಪ್ರಶ್ನೆ ತಪ್ಪಾಯಿತೆಂದು ಗೊತ್ತಾಗುತ್ತದೆ. ಇಲ್ಲಿ ನಿರಾಕರಣೆಗೆ ಒಳಗಾಗುವುದು ತನ್ನ ಮುಖ, ತನ್ನ ಮೈ. ಇದನ್ನು ಹದಿನೇಳು ಹದಿನೆಂಟರ ಮನಸ್ಸು ತಾಳಿಕೊಳ್ಳುವುದು ಸುಲಭವಲ್ಲ. ಮನೆಯವರ ಆಸರೆ ಬೇಕಾಗುವುದು ಇಂತಹ ಹೊತ್ತಿನಲ್ಲಿ.

ಅಳತೆಯ ಲೆಕ್ಕ

ವೇದಿಕೆಯ ಪುರುಷ ರೂಪದರ್ಶಿಗೆ ಸಾಮಾನ್ಯವಾಗಿ 6 ಅಡಿಯ ಆಸುಪಾಸಿನ ಎತ್ತರವನ್ನು ಬಯಸುತ್ತಾರೆ. ಎದೆ 38ರಿಂದ 40 ಅಂಗುಲ, ಸೊಂಟ 30ರಿಂದ 32 ಅಂಗುಲ ಎಂಬುದು ರೂಢಿಯ ಅಳತೆ. ಇದರ ಹಿಂದೆ ಒಂದು ವ್ಯಾವಹಾರಿಕ ಕಾರಣವಿದೆ. ವಿನ್ಯಾಸಕಾರರು ಪ್ರದರ್ಶನಕ್ಕಾಗಿ ಪ್ರತಿ ಉಡುಪಿನ ಒಂದೇ ಮಾದರಿಯನ್ನು ಹೊಲಿಸುತ್ತಾರೆ. ಯಾರು ಬಂದರೂ ಅದೇ ಅಂಗಿ ಒಪ್ಪಬೇಕು. ಹೊಲಿಗೆಯ ಮನೆಯಲ್ಲಿ ಬೆಳೆದ ಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಎತ್ತರವನ್ನು ಯಾವ ಪುಡಿಯೂ ಯಾವ ಮಾತ್ರೆಯೂ ಹೆಚ್ಚಿಸುವುದಿಲ್ಲ. ಆ ಅಳತೆಗೆ ಬಾರದ ಹುಡುಗನಿಗೆ ವೇದಿಕೆಯ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆಯೇ. ಜಾಹೀರಾತಿನ ಬಾಗಿಲು ಮಾತ್ರ ತೆರೆದಿರುತ್ತದೆ. ಅಲ್ಲಿ ರೈತ, ಅಂಗಡಿಯವ, ತಂದೆ, ಅಜ್ಜ, ಕಚೇರಿಯ ನೌಕರ ಹೀಗೆ ಎಲ್ಲ ಬಗೆಯ ಮುಖಗಳಿಗೂ ಸ್ಥಾನವಿದೆ. ಈ ಸತ್ಯವನ್ನು ಮೊದಲೇ ಹೇಳದೆ ಹಣ ಪಡೆಯುವ ಸಂಸ್ಥೆ ಪ್ರಾಮಾಣಿಕವಾದುದಲ್ಲ.

ನಡೆದು ಹೋದವರ ದಾರಿ

ಈ ವೃತ್ತಿಗೆ ನಮ್ಮ ದೇಶದಲ್ಲಿ ಮನೆಮಾತಾದ ಹೆಸರು ತಂದುಕೊಟ್ಟವರು ಮಿಲಿಂದ್ ಸೋಮನ್. ಅವರು ಹುಟ್ಟಿದ್ದು 1965ರಲ್ಲಿ, ಸ್ಕಾಟ್ಲೆಂಡಿನ ಗ್ಲ್ಯಾಸ್ಗೋ ನಗರದಲ್ಲಿ. ಬೆಳೆದದ್ದು ಮುಂಬೈಯಲ್ಲಿ. ರಾಷ್ಟ್ರಮಟ್ಟದ ಈಜುಗಾರರಾಗಿದ್ದ ಅವರು ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಲ್ಲಿ ಡಿಪ್ಲೊಮಾ ಪಡೆದಿದ್ದರು. ರೂಪದರ್ಶಿಯಾದದ್ದು ಆ ನಂತರ. 1995ರಲ್ಲಿ ಅಲಿಶಾ ಚಿನಾಯ್ ಅವರ ‘ಮೇಡ್ ಇನ್ ಇಂಡಿಯಾ’ ಗೀತೆಯ ದೃಶ್ಯರೂಪದಲ್ಲಿ ಕಾಣಿಸಿಕೊಂಡು ದೇಶವ್ಯಾಪಿ ಪ್ರಸಿದ್ಧರಾದರು. 2015ರಲ್ಲಿ, ಐವತ್ತು ತುಂಬುವ ಹೊಸ್ತಿಲಲ್ಲಿ, ಜ್ಯೂರಿಕ್‌ನಲ್ಲಿ ನಡೆದ ಐರನ್‌ಮ್ಯಾನ್ ಸ್ಪರ್ಧೆಯನ್ನು ಪೂರೈಸಿದರು. ಅದರಲ್ಲಿ 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್ ಸವಾರಿ, 42.2 ಕಿಲೋಮೀಟರ್ ಓಟವನ್ನು ಒಂದೇ ದಿನದಲ್ಲಿ ಮುಗಿಸಬೇಕು. ಅವರ ಆತ್ಮಕಥನ 2020ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಅದನ್ನು ಅವರೊಡನೆ ಸೇರಿ ಬರೆದವರು ಬೆಂಗಳೂರಿನ ಲೇಖಕಿ ರೂಪಾ ಪೈ.

ಅವರ ಬದುಕಿನ ಇನ್ನೊಂದು ಪ್ರಸಂಗವನ್ನೂ ಹೇಳಬೇಕು. 1995ರಲ್ಲಿ ಪಾದರಕ್ಷೆಯ ಜಾಹೀರಾತೊಂದಕ್ಕೆ ಅವರೂ ರೂಪದರ್ಶಿ ಮಧು ಸಪ್ರೆ ಅವರೂ ಉಡುಪಿಲ್ಲದೆ, ಹೆಬ್ಬಾವೊಂದನ್ನು ಸುತ್ತಿಕೊಂಡು ಚಿತ್ರಕ್ಕೆ ನಿಂತಿದ್ದರು. ಅಶ್ಲೀಲತೆಯ ಆರೋಪದ ಮೇಲೆ ಮೊಕದ್ದಮೆ ಹೂಡಲಾಯಿತು. ಅವರೆಲ್ಲ ದೋಷಮುಕ್ತರಾದದ್ದು 2009ರಲ್ಲಿ. ಕೆಲವು ಗಂಟೆಗಳ ಒಂದು ಚಿತ್ರಕ್ಕಾಗಿ ಹದಿನಾಲ್ಕು ವರ್ಷಗಳ ನ್ಯಾಯಾಲಯದ ಅಲೆದಾಟ. ಆ ಚಿತ್ರ ಸರಿಯೋ ತಪ್ಪೋ ಎಂಬ ಚರ್ಚೆಗೆ ನಾವು ಇಲ್ಲಿ ಇಳಿಯುವುದಿಲ್ಲ. ಒಮ್ಮೆ ತೆಗೆದ ಚಿತ್ರ ರೂಪದರ್ಶಿಯ ಜೊತೆಗೇ ಬದುಕುತ್ತದೆ ಎಂಬುದನ್ನು ಮಾತ್ರ ನೆನಪಿಸುತ್ತೇವೆ. ಅಂದು ಮುದ್ರಿತ ಪತ್ರಿಕೆಯ ಕಾಲ. ಇಂದು ಮೊಬೈಲಿನ ಕಾಲ.

ಜಾನ್ ಅಬ್ರಹಾಂ ಅವರದು ಬೇರೆ ದಾರಿ. ಅರ್ಥಶಾಸ್ತ್ರದಲ್ಲಿ ಪದವಿ, ಬಳಿಕ ವ್ಯವಹಾರ ನಿರ್ವಹಣೆಯ ಶಿಕ್ಷಣ, ಜಾಹೀರಾತು ಸಂಸ್ಥೆಯಲ್ಲಿ ನೌಕರಿ. ಆಮೇಲೆ 1999ರಲ್ಲಿ ಗ್ಲ್ಯಾಡ್‌ರ‍್ಯಾಗ್ಸ್ ಮ್ಯಾನ್‌ಹಂಟ್ ಸ್ಪರ್ಧೆಯ ಗೆಲುವು, ಅಲ್ಲಿಂದ ಚಲನಚಿತ್ರ. ಬೆಂಗಳೂರಿನಲ್ಲಿ ಹುಟ್ಟಿದ ಡೀನೊ ಮೋರಿಯಾ ಅವರೂ ರೂಪದರ್ಶಿಯಾಗಿದ್ದುಕೊಂಡೇ ಚಿತ್ರರಂಗಕ್ಕೆ ಹೋದವರು. ನಮ್ಮ ನೆರೆಯ ಹೈದರಾಬಾದಿನ ರೋಹಿತ್ ಖಂಡೇಲ್‌ವಾಲ್ 2016ರಲ್ಲಿ ಇಂಗ್ಲೆಂಡಿನ ಸೌತ್‌ಪೋರ್ಟ್‌ನಲ್ಲಿ ‘ಮಿಸ್ಟರ್ ವರ್ಲ್ಡ್’ ಎನಿಸಿಕೊಂಡರು. ಆ ಪ್ರಶಸ್ತಿ ಪಡೆದ ಮೊದಲ ಭಾರತೀಯರು ಅವರು. ಗೋವಾದ ಪ್ರಥಮೇಶ್ ಮೌಲಿಂಗಕರ್ 2018ರಲ್ಲಿ ಪೋಲೆಂಡಿನಲ್ಲಿ ‘ಮಿಸ್ಟರ್ ಸುಪ್ರಾನ್ಯಾಷನಲ್’ ಪ್ರಶಸ್ತಿ ಗೆದ್ದರು. ಅವರು ಅದಕ್ಕೂ ಮೊದಲು ಫುಟ್‌ಬಾಲ್ ಆಟಗಾರರು.

ಇವರ ಕತೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಕಾಣುತ್ತದೆ. ಇವರಲ್ಲಿ ಹಲವರಿಗೆ ಓದು, ಆಟ ಅಥವಾ ನೌಕರಿಯ ಇನ್ನೊಂದು ನೆಲೆ ಮೊದಲೇ ಇತ್ತು. ವೃತ್ತಿ ಕೈ ಹಿಡಿಯದಿದ್ದರೆ ಹಿಂದಿರುಗಲು ಅವರಿಗೆ ಒಂದು ಮನೆಯಿತ್ತು ಎನ್ನಬಹುದು. ಇನ್ನು ಕೆಲವರು ರೂಪದರ್ಶಿಯ ವೃತ್ತಿಯನ್ನು ಸಿನಿಮಾಕ್ಕೆ ಮೆಟ್ಟಿಲಾಗಿ ಬಳಸಿದರು. ಹೆಸರು ಉಳಿದವರು ಇವರು. ಮೆಟ್ಟಿಲಲ್ಲೇ ನಿಂತವರ ಹೆಸರುಗಳು ಪತ್ರಿಕೆಯಲ್ಲಿ ಬರುವುದಿಲ್ಲ.

ಹಣ ಎಷ್ಟು, ಯಾವಾಗ?

ಪುರುಷರಿಗೆ ಮಹಿಳೆಯರಿಗಿಂತ ಕಡಿಮೆ ಸಂಭಾವನೆ ದೊರೆಯುವ ಅಪರೂಪದ ವೃತ್ತಿಗಳಲ್ಲಿ ಇದೂ ಒಂದು. ಫೋರ್ಬ್ಸ್ ಪತ್ರಿಕೆಯ 2013ರ ಅಂದಾಜಿನಂತೆ ಜಗತ್ತಿನ ಅತಿ ಹೆಚ್ಚು ಗಳಿಸಿದ ಪುರುಷ ರೂಪದರ್ಶಿ ಅಮೆರಿಕದ ಶಾನ್ ಓಪ್ರೈ ಅವರ ವಾರ್ಷಿಕ ಗಳಿಕೆ 15 ಲಕ್ಷ ಡಾಲರ್. ಅದೇ ಅವಧಿಯಲ್ಲಿ ಬ್ರೆಜಿಲಿನ ಜಿಸೆಲ್ ಬುಂಡ್ಶೆನ್ ಅವರದು 4.2 ಕೋಟಿ ಡಾಲರ್. ಮಹಿಳೆಯರ ಉಡುಪು ಹಾಗೂ ಸೌಂದರ್ಯ ಸಾಧನಗಳ ಮಾರುಕಟ್ಟೆ ದೊಡ್ಡದಾಗಿರುವುದೇ ಇದಕ್ಕೆ ಮುಖ್ಯ ಕಾರಣ. ಪುರುಷರಿಗಿರುವ ಒಂದು ಅನುಕೂಲವೆಂದರೆ ವಯಸ್ಸು. ಕೂದಲು ನರೆತ ಮೇಲೂ ತಂದೆಯ, ಉದ್ಯಮಿಯ, ವೈದ್ಯರ ಪಾತ್ರಗಳಿಗಾಗಿ ಅವರಿಗೆ ಕರೆ ಬರುತ್ತದೆ.

ಸಾಮಾನ್ಯ ರೂಪದರ್ಶಿಯ ಲೆಕ್ಕವನ್ನು ಒಂದು ಉದಾಹರಣೆಯಿಂದ ತಿಳಿಯೋಣ. ದಿನವೊಂದಕ್ಕೆ 10,000 ರೂಪಾಯಿಗೆ ಒಪ್ಪಂದವಾಯಿತೆನ್ನಿ. ಕೆಲಸ ಕೊಡಿಸಿದ ಏಜೆನ್ಸಿಯ ದಲ್ಲಾಳಿ ಶೇಕಡಾ 20 ಎಂದಾದರೆ ಕೈಗೆ ಬರುವುದು 8,000. ಪಾವತಿಸುವವರು ಆದಾಯ ತೆರಿಗೆಯ ಒಂದು ಭಾಗವನ್ನು ಮೊದಲೇ ಕಡಿತ ಮಾಡುತ್ತಾರೆ. ತೆರಿಗೆ ವಿವರಪಟ್ಟಿ ಸಲ್ಲಿಸಿದರೆ ಹೆಚ್ಚು ಕಡಿತವಾದದ್ದು ಹಿಂದಿರುಗುತ್ತದೆ. ತಿಂಗಳಿಗೆ ಇಂತಹ ಐದು ದಿನ ಸಿಕ್ಕರೆ 40,000 ರೂಪಾಯಿಗಿಂತ ಸ್ವಲ್ಪ ಕಡಿಮೆ. ಇದರಲ್ಲಿ ಮಹಾನಗರದ ಬಾಡಿಗೆ, ಊಟ, ವ್ಯಾಯಾಮ ಶಾಲೆ, ಓಡಾಟ, ಹೊಸ ಛಾಯಾಚಿತ್ರಗಳ ಖರ್ಚು ಕಳೆಯಬೇಕು. ಮರುತಿಂಗಳು ಐದು ದಿನದ ಬದಲು ಒಂದೇ ದಿನ ಸಿಗಬಹುದು. ಅಲ್ಲದೆ ಹಣ ಬರುವುದು ಕೆಲಸ ಮುಗಿದ ದಿನವಲ್ಲ. ಎರಡು ಮೂರು ತಿಂಗಳು ಕಾಯುವುದು ಈ ವೃತ್ತಿಯಲ್ಲಿ ಸಾಮಾನ್ಯ. ದರಗಳು ಊರಿನಿಂದ ಊರಿಗೆ, ಹೆಸರಿನಿಂದ ಹೆಸರಿಗೆ ಬದಲಾಗುತ್ತವೆ. ಲೆಕ್ಕದ ರೀತಿ ಮಾತ್ರ ಇದೇ.

ದಿನದ ಕೂಲಿಯಷ್ಟೇ ಮುಖ್ಯವಾದದ್ದು ಚಿತ್ರದ ಬಳಕೆಯ ಹಕ್ಕು. ಒಂದು ಚಿತ್ರವನ್ನು ಕಂಪನಿಯು ಎಲ್ಲಿ ಬಳಸುತ್ತದೆ, ಎಷ್ಟು ಕಾಲ ಬಳಸುತ್ತದೆ, ರಸ್ತೆಬದಿಯ ಫಲಕಕ್ಕೋ ದೂರದರ್ಶನಕ್ಕೋ ಎಂಬುದರ ಮೇಲೆ ಬೆಲೆ ನಿಲ್ಲಬೇಕು. ಇದನ್ನು ಓದದೆ ಸಹಿ ಹಾಕಿದ ಹುಡುಗನ ಮುಖ ವರ್ಷಗಟ್ಟಲೆ ಪೆಟ್ಟಿಗೆಗಳ ಮೇಲಿರುತ್ತದೆ, ಅವನ ಖಾತೆಗೆ ಮಾತ್ರ ಒಂದು ದಿನದ ಕೂಲಿ.

ಮೈಬಣ್ಣ ಮತ್ತು ಮೈಕಟ್ಟು

‘ನಾನು ಕಪ್ಪು, ನನಗೆ ಆಗುವುದಿಲ್ಲ’ ಎಂದು ಹೇಳುವ ಹುಡುಗರು ನಮ್ಮ ಶಾಲೆಗಳಲ್ಲಿ ಬಹಳ ಮಂದಿ. ಈ ಭಾವನೆಯನ್ನು ಬಿತ್ತಿದ್ದರಲ್ಲಿ ಜಾಹೀರಾತುಗಳ ಪಾಲು ದೊಡ್ಡದು. 2005ರಲ್ಲಿ ಪುರುಷರಿಗೆಂದೇ ಬಿಳುಪು ತರುವ ಕ್ರೀಮು ಮಾರುಕಟ್ಟೆಗೆ ಬಂತು. ಜಾಹೀರಾತುಗಳ ಸ್ವಯಂ ನಿಯಂತ್ರಣ ಸಂಸ್ಥೆಯಾದ ಎಎಸ್‌ಸಿಐ, ಮೈಬಣ್ಣದ ಆಧಾರದ ಮೇಲೆ ಯಾರನ್ನೂ ಕೀಳಾಗಿ ತೋರಿಸಬಾರದೆಂಬ ಮಾರ್ಗಸೂಚಿಯನ್ನು 2014ರಲ್ಲಿ ಹೊರಡಿಸಿತು. 2020ರಲ್ಲಿ ದೇಶದ ಅತಿ ಪ್ರಸಿದ್ಧ ಕ್ರೀಮೊಂದು ತನ್ನ ಹೆಸರಿನಿಂದ ‘ಫೇರ್’ ಎಂಬ ಪದವನ್ನೇ ಕೈಬಿಟ್ಟಿತು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆ ನಮ್ಮಲ್ಲಿ ಮೊದಲಿನಿಂದಲೂ ಇದೆ. ಮಾರುಕಟ್ಟೆಗೆ ಅದು ಅರ್ಥವಾಗಲು ತಡವಾಯಿತು, ಪೂರ್ತಿ ಅರ್ಥವಾಗಿದೆ ಎಂದು ಹೇಳಲೂ ಬಾರದು. ಆದರೂ ವೇದಿಕೆಯ ಮೇಲೆ ಇಂದು ಕಪ್ಪು ಮೈಬಣ್ಣದವರು ಕಾಣಿಸಿಕೊಳ್ಳುತ್ತಿದ್ದಾರೆ.

ಮೈಕಟ್ಟಿನ ವಿಷಯದಲ್ಲಿ ಅಪಾಯ ಇನ್ನೂ ಹತ್ತಿರದ್ದು. ಬೇಗನೆ ಮಾಂಸಖಂಡ ಬೆಳೆಸುವ ಆಸೆಯಿಂದ ಸ್ಟೆರಾಯ್ಡ್ ಚುಚ್ಚುಮದ್ದು, ಮಾತ್ರೆಗಳಿಗೆ ಕೈ ಹಾಕುವ ಹುಡುಗರಿದ್ದಾರೆ. ಇವು ಯಕೃತ್ತನ್ನೂ ಹೃದಯವನ್ನೂ ಕೆಡಿಸಬಲ್ಲವು. ದೇಹವು ತಾನೇ ತಯಾರಿಸುವ ಪುರುಷ ಹಾರ್ಮೋನಿನ ಉತ್ಪತ್ತಿಯನ್ನು ಕುಗ್ಗಿಸುತ್ತವೆ. ಬೆಳೆಯುವ ವಯಸ್ಸಿನಲ್ಲಿ ತೆಗೆದುಕೊಂಡರೆ ಎಲುಬಿನ ಬೆಳವಣಿಗೆ ಬೇಗನೆ ನಿಂತು ಎತ್ತರವೇ ಕುಂಠಿತವಾಗಬಹುದು. ಎತ್ತರವನ್ನು ಬೇಡುವ ವೃತ್ತಿಗಾಗಿ ಎತ್ತರವನ್ನೇ ಕಳೆದುಕೊಳ್ಳುವುದು ಎಂತಹ ನಷ್ಟ! ಚಿತ್ರೀಕರಣಕ್ಕೆ ಮೊದಲು ನೀರು ಕುಡಿಯದೆ ಮೈ ಒಣಗಿಸಿಕೊಳ್ಳುವ ಅಭ್ಯಾಸವೂ ಅಪಾಯಕಾರಿ. ಜೋಳದ ರೊಟ್ಟಿ, ಬೇಳೆ, ಕಾಳು, ಮೊಟ್ಟೆ, ಹಾಲು, ಜೊತೆಗೆ ಓಟ ಮತ್ತು ಈಜು: ಹದಿನೆಂಟರ ಒಳಗಿನ ಹುಡುಗನಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ.

ಕನ್ನಡ ಮಾಧ್ಯಮದ ಹುಡುಗನಿಗೆ ಸ್ಥಾನವಿದೆಯೇ?

ಚಿತ್ರಕ್ಕೆ ನಿಲ್ಲುವವನಿಗೆ ಭಾಷೆ ಯಾಕೆ ಎಂದು ಕೇಳಬಹುದು. ವೇದಿಕೆಯ ಮೇಲೆ ಮಾತಿಲ್ಲ, ನಿಜ. ಆದರೆ ಛಾಯಾಗ್ರಾಹಕರ ಸೂಚನೆ, ಆಯ್ಕೆ ಪರೀಕ್ಷೆಯ ಪರಿಚಯ, ಕರಾರುಪತ್ರ ಇವೆಲ್ಲ ಭಾಷೆಯಿಂದಲೇ ನಡೆಯುತ್ತವೆ. ಮಹಾನಗರಗಳಲ್ಲಿ ಅವು ಹೆಚ್ಚಾಗಿ ಹಿಂದಿ ಮತ್ತು ಇಂಗ್ಲಿಷಿನಲ್ಲಿರುತ್ತವೆ. ಆದ್ದರಿಂದ ವ್ಯವಹಾರಕ್ಕೆ ಬೇಕಾಗುವಷ್ಟು ಇಂಗ್ಲಿಷನ್ನು ಕಲಿಯಲೇಬೇಕೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಅದಕ್ಕಾಗಿ ಕನ್ನಡವನ್ನು ಬಿಡಬೇಕಾಗಿಲ್ಲ.

ನಮ್ಮ ಗಡಿಯ ಮಕ್ಕಳಲ್ಲಿ ನಗರದ ಮಕ್ಕಳಿಗಿಲ್ಲದ ಒಂದು ಸೊತ್ತಿದೆ. ಕಾಸರಗೋಡಿನ ಹುಡುಗನಿಗೆ ಕನ್ನಡ, ತುಳು, ಮಲಯಾಳಗಳು ಬರುತ್ತವೆ. ಜತ್ತದ ಹುಡುಗನಿಗೆ ಕನ್ನಡವೂ ಮರಾಠಿಯೂ ಬರುತ್ತವೆ. ತಾಳವಾಡಿಯವನಿಗೆ ತಮಿಳು, ಮಡಕಶಿರೆಯವನಿಗೆ ತೆಲುಗು. ಇಂದು ಹಿಂದಿಯಲ್ಲಿ ತೆಗೆದ ಜಾಹೀರಾತಿಗೆ ಕನ್ನಡದ ಧ್ವನಿ ಕೂಡಿಸಿದಾಗ ತುಟಿಯೂ ಮಾತೂ ಹೊಂದದೆ ಇರುವುದನ್ನು ನಾವೆಲ್ಲ ನೋಡುತ್ತೇವೆ. ಎರಡು ಭಾಷೆಗಳಲ್ಲಿ ಒಂದೇ ಸಾಲನ್ನು ಸಹಜವಾಗಿ ನುಡಿಯಬಲ್ಲವನು ಪ್ರಾದೇಶಿಕ ಜಾಹೀರಾತಿಗೆ ಉಪಯುಕ್ತನಾಗುತ್ತಾನೆ. ಮನೆಮಾತನ್ನು ಮರೆತು ಹೋದವನಿಗೆ ಈ ಬಾಗಿಲು ತೆರೆಯುವುದಿಲ್ಲ.

ಮೋಸವನ್ನು ಗುರುತಿಸುವ ಬಗೆ

ನಿಜವಾದ ಏಜೆನ್ಸಿಗೆ ಆದಾಯ ಬರುವುದು ರೂಪದರ್ಶಿಗೆ ಕೆಲಸ ಸಿಕ್ಕಾಗ, ಅವನ ಸಂಭಾವನೆಯಲ್ಲಿನ ಪಾಲಿನಿಂದ. ಮೊದಲೇ ಹಣ ಕೇಳುವ ಸಂಸ್ಥೆಗೆ ಆದಾಯ ಬರುವುದು ರೂಪದರ್ಶಿಯ ತಂದೆಯಿಂದ. ಈ ಒಂದು ವ್ಯತ್ಯಾಸ ನೆನಪಿದ್ದರೆ ಹೆಚ್ಚಿನ ಮೋಸಗಳು ತಾವಾಗಿಯೇ ಬಯಲಾಗುತ್ತವೆ.

ಆರಂಭಿಕ ಆಯ್ಕೆಗೆ ದುಬಾರಿ ಛಾಯಾಚಿತ್ರ ಸಂಪುಟ ಬೇಕಾಗಿಲ್ಲ. ಬಿಳಿಯ ಗೋಡೆಯ ಮುಂದೆ, ಹಗಲ ಬೆಳಕಿನಲ್ಲಿ, ಸಾದಾ ಅಂಗಿ ಪ್ಯಾಂಟಿನಲ್ಲಿ ಮೊಬೈಲಿನಿಂದಲೇ ತೆಗೆದ ನಾಲ್ಕಾರು ಚಿತ್ರಗಳನ್ನು ಏಜೆನ್ಸಿಗಳು ಮೊದಲು ಕೇಳುತ್ತವೆ: ಮುಖ, ಪಕ್ಕ, ಪೂರ್ತಿ ದೇಹ. ಜೊತೆಗೆ ಎತ್ತರ ಮತ್ತು ಅಳತೆ. ಪ್ರಸಾಧನ ಬೇಡ, ತಿದ್ದುಪಡಿ ಬೇಡ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಆಯ್ಕೆಯ ನೆಪದಲ್ಲಿ ಬಟ್ಟೆಯಿಲ್ಲದ ಚಿತ್ರಗಳನ್ನು ಕೇಳುವುದು, ರಾತ್ರಿಯ ಹೊತ್ತು ಹೋಟೆಲಿನ ಕೋಣೆಗೆ ಕರೆಯುವುದು, ಪೋಷಕರು ಜೊತೆಗೆ ಬರಬಾರದೆನ್ನುವುದು ಇವು ಅಪಾಯದ ಸೂಚನೆಗಳು. ಇಂತಹ ಶೋಷಣೆ ಹುಡುಗಿಯರಿಗೆ ಮಾತ್ರ ನಡೆಯುತ್ತದೆಂಬ ತಪ್ಪು ಕಲ್ಪನೆ ನಮ್ಮಲ್ಲಿದೆ. ಹುಡುಗರಿಗೂ ನಡೆಯುತ್ತದೆ, ನಾಚಿಕೆಯಿಂದ ಅವರು ಹೇಳಿಕೊಳ್ಳುವುದಿಲ್ಲ. 2012ರ ಪೋಕ್ಸೊ ಕಾಯ್ದೆಯು ಹದಿನೆಂಟರ ಒಳಗಿನ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಾನ ರಕ್ಷಣೆ ಕೊಡುತ್ತದೆ. ಮಕ್ಕಳ ಸಹಾಯವಾಣಿ 1098, ಸೈಬರ್ ವಂಚನೆಯ ಸಹಾಯವಾಣಿ 1930. ಎರಡೂ ಸಂಖ್ಯೆಗಳು ಯಾವ ರಾಜ್ಯದಲ್ಲಿದ್ದರೂ ಒಂದೇ.

ಕಾನೂನು ಹೇಳುವುದೇನು?

ಹದಿನೆಂಟು ತುಂಬದವನು ಮಾಡಿದ ಕರಾರಿಗೆ ನಮ್ಮ ಕಾನೂನಿನಲ್ಲಿ ಮಾನ್ಯತೆಯಿಲ್ಲ. ಆದ್ದರಿಂದ ಹತ್ತನೆಯ ತರಗತಿಯ ಹುಡುಗನಿಂದ ಸಹಿ ಪಡೆಯಲು ಬರುವವರನ್ನು ಅನುಮಾನದಿಂದಲೇ ನೋಡಬೇಕು. ಹದಿನಾಲ್ಕು ವರ್ಷದ ಒಳಗಿನ ಮಕ್ಕಳು ಜಾಹೀರಾತಿನಲ್ಲಿ ಕಲಾವಿದರಾಗಿ ಭಾಗವಹಿಸಲು ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ಅವಕಾಶ ಕೊಡುತ್ತದೆಯಾದರೂ, ಕಟ್ಟುನಿಟ್ಟಿನ ನಿಯಮಗಳಿವೆ. ಜಿಲ್ಲಾ ದಂಡಾಧಿಕಾರಿಯ ಅನುಮತಿ ಬೇಕು. ದಿನಕ್ಕೆ 5 ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ 3 ಗಂಟೆಗಿಂತ ಹೆಚ್ಚು ದುಡಿಸಬಾರದು. ಸತತ 27 ದಿನಗಳಿಗಿಂತ ಹೆಚ್ಚು ಕೆಲಸ ಮಾಡಿಸಬಾರದು. ಗಳಿಕೆಯ ಕನಿಷ್ಠ ಶೇಕಡಾ 20ರಷ್ಟನ್ನು ಮಗುವಿನ ಹೆಸರಿನ ಬ್ಯಾಂಕ್ ಠೇವಣಿಯಲ್ಲಿಡಬೇಕು. ಮಗುವಿನ ಇಚ್ಛೆಗೆ ವಿರುದ್ಧವಾಗಿ ಏನನ್ನೂ ಮಾಡಿಸಬಾರದು. ಓದಿಗೆ ಅಡ್ಡಿಯಾಗಬಾರದು.

ಯಂತ್ರದ ಪೈಪೋಟಿ

ಈ ವೃತ್ತಿಗೆ ಹೊಸದೊಂದು ಸವಾಲು ಬಂದಿದೆ. ಕೃತಕ ಬುದ್ಧಿಮತ್ತೆಯಿಂದ ಸೃಷ್ಟಿಸಿದ ರೂಪದರ್ಶಿಗಳನ್ನು ಪರೀಕ್ಷಿಸುವುದಾಗಿ ಲಿವೈಸ್ ಕಂಪನಿ 2023ರಲ್ಲಿ ಪ್ರಕಟಿಸಿತು. 2025ರಲ್ಲಿ ಎಚ್ ಆ್ಯಂಡ್ ಎಂ ಕಂಪನಿಯು 30 ರೂಪದರ್ಶಿಗಳ ಒಪ್ಪಿಗೆ ಪಡೆದು ಅವರ ಡಿಜಿಟಲ್ ಪ್ರತಿರೂಪಗಳನ್ನು ಮಾಡಿಸಲಿರುವುದಾಗಿ ತಿಳಿಸಿತು. ಹೀಗಾದರೆ ದಿನಕ್ಕೆ ಹತ್ತಾರು ಅಂಗಿ ತೊಡುವ, ನಿತ್ಯದ ಅನ್ನ ಕೊಡುವ ಕೆಲಸಕ್ಕೇ ಮೊದಲು ಪೆಟ್ಟು ಬೀಳುತ್ತದೆ. ಇನ್ನು ಮುಂದೆ ಯಾವ ಕರಾರಿಗೆ ಸಹಿ ಹಾಕುವ ಮೊದಲೂ, ತನ್ನ ಮುಖವನ್ನು ಯಂತ್ರಕ್ಕೆ ಉಣಿಸಿ ಹೊಸ ಚಿತ್ರಗಳನ್ನು ಮಾಡುವ ಹಕ್ಕನ್ನು ಕೊಡಲಾಗಿದೆಯೇ ಎಂಬುದನ್ನು ನೋಡಿಕೊಳ್ಳಬೇಕು.

ಅದೇ ಉದ್ಯಮದ ಬೇರೆ ಬಾಗಿಲುಗಳು

ಉಡುಪಿನ ಲೋಕವನ್ನು ಇಷ್ಟಪಡುವ ಹುಡುಗನಿಗೆ ರೂಪದರ್ಶಿಯಾಗುವುದೊಂದೇ ದಾರಿಯಲ್ಲ. ವಿನ್ಯಾಸ, ಛಾಯಾಗ್ರಹಣ, ಉಡುಪು ಸಂಯೋಜನೆ, ಉತ್ಪಾದನಾ ನಿರ್ವಹಣೆ, ಮಾರಾಟ ಇವೆಲ್ಲ ದೀರ್ಘಕಾಲ ಬಾಳುವ ವೃತ್ತಿಗಳು. 1986ರಲ್ಲಿ ದೆಹಲಿಯಲ್ಲಿ ಆರಂಭವಾದ ಕೇಂದ್ರ ಸರ್ಕಾರದ ನಿಫ್ಟ್ ಸಂಸ್ಥೆಗೆ ಇಂದು ಬೆಂಗಳೂರು, ಮುಂಬೈ, ಹೈದರಾಬಾದ್, ಚೆನ್ನೈ, ಕಣ್ಣೂರುಗಳಲ್ಲಿಯೂ ಶಾಖೆಗಳಿವೆ. ಕಾಸರಗೋಡಿಗೆ ಕಣ್ಣೂರು, ಹೊಸೂರಿಗೆ ಬೆಂಗಳೂರು ಹತ್ತಿರ. ಹನ್ನೆರಡನೆಯ ತರಗತಿಯ ಬಳಿಕ ಪ್ರವೇಶ ಪರೀಕ್ಷೆ ಬರೆಯಬಹುದು. ವಿನ್ಯಾಸದ ಪದವಿಗೆ ಯಾವ ವಿಭಾಗದಲ್ಲಿ ಓದಿದವರೂ ಅರ್ಹರು. ಉಡುಪು ತಂತ್ರಜ್ಞಾನದ ಪದವಿಗೆ ಗಣಿತ ಓದಿರಬೇಕು.

ಸಹಿಗೆ ಮೊದಲು ಕೇಳಬೇಕಾದ ಆರು ಪ್ರಶ್ನೆಗಳು

1. ನಮ್ಮಿಂದ ಮುಂಗಡವಾಗಿ ಹಣ ಕೇಳುತ್ತಿದ್ದಾರೆಯೇ? ಹೌದಾದರೆ ಅಲ್ಲಿಗೇ ನಿಲ್ಲಿಸಿ.
2. ಈ ಸಂಸ್ಥೆಯ ಮೂಲಕ ಕೆಲಸ ಮಾಡಿದ ಇಬ್ಬರು ಮೂವರೊಡನೆ ನಾವು ಮಾತನಾಡಬಹುದೇ?
3. ದಲ್ಲಾಳಿ ಶೇಕಡಾ ಎಷ್ಟು? ಹಣ ಎಷ್ಟು ದಿನಗಳಲ್ಲಿ ಬರುತ್ತದೆ?
4. ಚಿತ್ರಗಳನ್ನು ಎಲ್ಲಿ, ಎಷ್ಟು ಕಾಲ, ಯಾವ ರೂಪದಲ್ಲಿ ಬಳಸುತ್ತಾರೆ?
5. ಬೇರೆಯವರ ಕೆಲಸ ಮಾಡಬಾರದೆಂಬ ಷರತ್ತಿದೆಯೇ? ಎಷ್ಟು ವರ್ಷ?
6. ಕರಾರಿನ ಭಾಷೆ ನಮಗೆ ಅರ್ಥವಾಗಿದೆಯೇ? ಇಲ್ಲವಾದರೆ ಶಾಲೆಯ ಇಂಗ್ಲಿಷ್ ಶಿಕ್ಷಕರಿಂದಲೋ ಪರಿಚಯದ ವಕೀಲರಿಂದಲೋ ಓದಿಸಿ ಕೇಳಿದ್ದೇವೆಯೇ?

ಅಂದು ಆ ತಂದೆ ನಮ್ಮ ಮುಂದೆಯೇ ಆ ಸಂಸ್ಥೆಗೆ ಕರೆ ಮಾಡಿದರು. ಮಗನ ಮೊದಲ ಸಂಭಾವನೆಯಲ್ಲಿ 35,000 ರೂಪಾಯಿಯನ್ನು ಕಡಿದುಕೊಳ್ಳಿ, ಈಗ ಕೊಡಲಾರೆವು ಎಂದರು. ಆ ಕಡೆಯವರು ಕರೆಯನ್ನು ಕಡಿದರು. ಮತ್ತೆ ಅಲ್ಲಿಂದ ಸಂದೇಶ ಬರಲಿಲ್ಲ. ಸಾಲದ ಹಣ ಮರುದಿನವೇ ಸಾಲ ಕೊಟ್ಟವರ ಕೈ ಸೇರಿತು.

ಹುಡುಗ ಈಗ ಹನ್ನೊಂದನೆಯ ತರಗತಿಯಲ್ಲಿದ್ದಾನೆ. ಬೆಳಿಗ್ಗೆ ಓಡುತ್ತಾನೆ, ಭಾನುವಾರ ತಂದೆಯ ಜೊತೆ ಕುಳಿತು ಅಂಗಿಯ ಕತ್ತರಿಕೆ ಕಲಿಯುತ್ತಾನೆ. ಆಸೆಯನ್ನು ಬಿಟ್ಟಿಲ್ಲ. ಹದಿನೆಂಟು ತುಂಬಿದ ಮೇಲೆ, ಹನ್ನೆರಡನೆಯ ತರಗತಿ ಮುಗಿಸಿ, ಬಿಳಿಗೋಡೆಯ ಮುಂದೆ ನಾಲ್ಕು ಚಿತ್ರ ತೆಗೆದು ಕಳುಹಿಸೋಣವೆಂದು ತಂದೆ ಮಗ ಮಾತಾಡಿಕೊಂಡಿದ್ದಾರೆ. ಅಲ್ಲಿಯವರೆಗೆ ಅವನ ತರಗತಿಯಲ್ಲಿ ಯಾರೂ ಅವನನ್ನು ನೋಡಿ ನಗದಂತೆ ನೋಡಿಕೊಳ್ಳುವುದು ಶಿಕ್ಷಕರ ಕೆಲಸ, ನಮ್ಮೆಲ್ಲರ ಕೆಲಸ.